ಬೂಚು

ಬೀಗದಕೈ ಆಮೇಲೆ ಕೊಡುತ್ತೇನೆ ಬಲ್ಲಾಳರೆ,
ಮೊದಲು ಬಗ್ಗಿ.
ಪ್ಯಾಂಟು ಕೊಳೆಯಾಗುತ್ತದೆ, ಆಗಲಿ.
ಉಮ್ ಅಲ್ ಕುವೈನಿನ ಈ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ
ಬಗ್ಗದವರ ದೋಣಿಗಳನ್ನೇ ನಾನು ರಿಪೇರಿ ಮಾಡಿದ್ದು.

ಇದು ಬೂಚು. ಹಿತ್ತಾಳೆ. ಹೆಬ್ಬೆರಳಿನಷ್ಟು.
ಇಪ್ಪತ್ತೈದು ಅಡಿ ಫೈಬರು, ಇನ್ನೂರು ಕುದುರೆಯ ಇಂಜಿನು,
ಎಲ್ಲದರ ಮರ್ಯಾದೆ ಇದರ ಕೈಯಲ್ಲಿ.
ದೋಣಿ ಟ್ರೇಲರಿನ ಮೇಲಿದ್ದರೆ ಇದು ನಿಮ್ಮ ಕಿಸೆಯಲ್ಲಿ,
ದೋಣಿ ನೀರಿನಲ್ಲಿದ್ದರೆ ಇದು ತೂತಿನಲ್ಲಿ.
ಅದಲುಬದಲು ಮಾಡಿದ ಒಬ್ಬ ಇಂಜಿನಿಯರು
ರ್‍ಯಾಂಪಿನ ಬಾಯಲ್ಲೇ ಮುಳುಗಿದ, ಸೊಂಟದಷ್ಟು ನೀರಲ್ಲಿ.
ಹೆಂಡತಿ ಬಿರಿಯಾನಿ ಡಬ್ಬಿ ತಲೆ ಮೇಲೆ ಹೊತ್ತು
ಒಂದೂ ಮಾತಾಡದೆ ದಡಕ್ಕೆ ನಡೆದು ಬಂದರು.

ಈ ಮುಚ್ಚಳ ಎತ್ತಿ ಮೂಗು ಇಡಿ.
ಪೆಟ್ರೋಲು ವಾಸನೆ ಬಂದರೆ ಬೀಗದಕೈ ತಿರುಗಿಸಬೇಡಿ.
ಮೂಗಿಗಿಂತ ಒಳ್ಳೆಯ ಮೀಟರು ಇನ್ನೂ ಬಂದಿಲ್ಲ.
ಇಂಜಿನು ಚಾಲೂ ಆದ ಕೂಡಲೆ ಹಿಂದೆ ನೋಡಿ, ಮುಂದೆ ಅಲ್ಲ.
ಅಲ್ಲಿ, ಪಕ್ಕದ ಸಣ್ಣ ತೂತಿನಿಂದ,
ಎಳೆಮಗು ಉಚ್ಚೆ ಹೊಯ್ದಂತೆ ಒಂದು ಧಾರೆ.
ಬಂದರೆ, ಸಮುದ್ರ ಒಳಹೊಕ್ಕು ತಣಿಸಿ ಹೊರಡುತ್ತಿದೆ ಎಂದು.
ನಿಂತರೆ ನೀವೂ ನಿಲ್ಲಿಸಿ, ಆ ಕ್ಷಣ.
ಆಗಸ್ಟಿನಲ್ಲಿ ಇಲ್ಲಿನ ನೀರೇ ಅರ್ಧ ಬಿಸಿ.
ಪಾಪ, ಎಷ್ಟೆಂದು ತಣಿಸೀತು.

ಇದು ಪೆಟ್ರೋಲು ಸೋಸುವ ಜಾಗ.
ನಿಮಗೆ ನಾನೆಂತ ಹೇಳುವುದು ಮಾರಾಯ್ರೆ,
ಕುಡಿಯುವ ನೀರನ್ನೇ ಬಟ್ಟೆಯಲ್ಲಿ ಸೋಸಿದ ಮನೆತನ ನಿಮ್ಮದು,
ಅಡಿಯಲ್ಲಿ ನಿಂತ ಹನಿ ತಾನಾಗಿ ಕಣ್ಣಿಗೆ ಬೀಳುತ್ತದೆ.
ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಆ ಅಭ್ಯಾಸ
ವಾಪಸು ಬರುವುದಕ್ಕೂ ಇರಲಿ.
ತಡವಾಯಿತೋ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ.
ಈ ದೀಪಗಳು ನಿಮಗೆ ಕಾಣಲಿಕ್ಕಲ್ಲ,
ನೀವು ಕಾಣಲಿಕ್ಕೆ.

ಬ್ಯಾಟರಿ ಎರಡು. ಒಂದು ಹಾಡಿಗೆ, ಒಂದು ಮನೆಗೆ.
ಮನೆಯದನ್ನು ಹಾಡಿಗೆ ಮುಟ್ಟಬೇಡಿ.
ಈ ಕೆಂಪು ದಾರ ಮಣಿಕಟ್ಟಿಗೆ. ನೀವು ಬಿದ್ದರೆ ಇಂಜಿನೂ ಸಾಯಬೇಕು,
ಇಲ್ಲದಿದ್ದರೆ ದೋಣಿ ಸುತ್ತು ಹೊಡೆದು
ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ.
ಒಂದು ಸಲ ಹಾಗೆ ಬಂದದ್ದನ್ನು ನೋಡಿದ್ದೇನೆ.
ಅದು ಬೇಡ ಈಗ.

ಈ ಸತುವಿನ ತುಂಡು ನೋಡಿ.
ಉಪ್ಪು ಯಾರನ್ನಾದರೂ ತಿನ್ನಲೇಬೇಕಲ್ಲ,
ಇದನ್ನು ತಿನ್ನುತ್ತದೆ, ಉಳಿದದ್ದನ್ನು ಬಿಡುತ್ತದೆ.
ಅರ್ಧ ಸವೆದಾಗ ಬದಲಿಸಿ.
ಚಂದಕ್ಕೆಂದು ಪೇಂಟು ಬಳಿಯಬೇಡಿ, ಬಳಿದರೆ ಅದು ದುಡಿಯುವುದಿಲ್ಲ.

‘ನಾನು ಮೀನು ಹಿಡಿಯುವುದಿಲ್ಲ’ ಎಂದರು ಬಲ್ಲಾಳರು.
‘ಮತ್ತೆ ದೋಣಿ ಯಾಕೆ?’
‘ಸುಮ್ಮನೆ ಕೂರಲು. ಶಾರ್ಜಾದ ಹದಿನಾಲ್ಕನೇ ಮಹಡಿಯಲ್ಲಿ
ಮೂವತ್ತು ವರ್ಷ ಬೇರೆಯವರ ಲೆಕ್ಕ ನೋಡಿದೆ.’
ನಾನು ಗಂಗೊಳ್ಳಿಯ ಖಾರ್ವಿ.
ಸುಮ್ಮನೆ ಕೂರಲು ದೋಣಿ ಕೊಂಡವರನ್ನು
ನಮ್ಮ ಕಡೆ ಕಂಡದ್ದಿಲ್ಲ.
ನನ್ನ ಹೆಸರಿನಲ್ಲಿ ಒಂದು ಹುಟ್ಟೂ ಇಲ್ಲ.

ಲೆಕ್ಕ ಅಂದಿರಲ್ಲ, ಕೇಳಿ:
ಲೈಸೆನ್ಸು, ವಿಮೆ, ಬೆಂಕಿ ಆರಿಸುವ ಸಿಲಿಂಡರಿನ ತಾರೀಕು,
ತಲೆಗೊಂದು ಜಾಕೆಟು, ಮಕ್ಕಳಿಗೆ ಮಕ್ಕಳದ್ದೇ.
ಎಲ್ಲಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಬರುತ್ತೀರಿ
ಎಂದು ನೆಲದ ಮೇಲಿರುವ ಒಬ್ಬರಿಗಾದರೂ ಗೊತ್ತಿರಲಿ.
ಮತ್ತೆ ಶಮಾಲ್ ಗಾಳಿ ಎದ್ದ ದಿನ
ಹತ್ತು ಜನ ನೆಂಟರು ಬುತ್ತಿ ಹಿಡಿದು ಕಾದು ನಿಂತಿದ್ದರೂ
ಇವತ್ತಿಲ್ಲ ಎನ್ನುವ ಬಾಯಿ.
ಅದನ್ನು ನಾನು ರಿಪೇರಿ ಮಾಡಲಾರೆ.

ಬೀಗದಕೈ ಕೊಟ್ಟೆ.

ರಾತ್ರಿ ಹನ್ನೊಂದಕ್ಕೆ ಫೋನು.
‘ದುರ್ಗಪ್ಪ, ಬೂಚು ನನ್ನ ಕಿಸೆಯಲ್ಲೇ ಉಂಟು!’
‘ದೋಣಿ ಎಲ್ಲುಂಟು?’
ತುಂಬ ಹೊತ್ತು ಬರೀ ಎಸಿಯ ಸದ್ದು.
‘ಟ್ರೇಲರಿನ ಮೇಲೆ.’
‘ಹಾಗಾದರೆ ಮಲಗಿ.’

ಮಲಗಲಿಲ್ಲ. ಹನ್ನೆರಡೂವರೆಗೆ
ಶೆಡ್ಡಿನ ಗೇಟಿನಲ್ಲಿ ಕಾರಿನ ಬೆಳಕು.
ಬಲ್ಲಾಳರು, ಪಂಚೆಯಲ್ಲಿ, ಮೊಣಕಾಲೂರಿ,
ತೂತಿಗೆ ಬೆರಳಿಟ್ಟು ನೋಡುತ್ತಿದ್ದರು.

ನನಗೆ ಹೇಗೆ ಗೊತ್ತು ಎಂದರೆ,
ನಾನೂ ಅಲ್ಲೇ ಇದ್ದೆ, ಟಾರ್ಚು ಹಿಡಿದು.